ಬಂಡೆಯ ಮೇಲೆ ಕೂಗದ ಹೆಸರು

ದುಕ್ಮ್‌ನಿಂದ ಆಚೆ, ಒಮಾನ್
20-2-2025

ಪ್ರೀತಿಯ ಮಾಮಿ,

ನಿಮ್ಮ ಸೊಸೆ ಸುಂದರಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುತ್ತಾರೆ. ನನಗೆ ಅದು ಬರಲಿಲ್ಲ. ಎರಡು ಕಾಗದ ಹರಿದೆ, ಇದು ಮೂರನೆಯದು. ನಾನು ಓದಿದ್ದು ಏಳನೆಯವರೆಗೆ ಮಾತ್ರ. ತಪ್ಪಿದ್ದ ಕಡೆ ನಿಮ್ಮ ಮೊಮ್ಮಗಳು ಅಕ್ಷಿತಾ ಸರಿ ಮಾಡಿ ಓದಲಿ.

ಹೋದ ತಿಂಗಳು ಫೋನ್ ಮಾಡಿದಾಗ ನೀವೂ ಅತ್ತಿರಿ, ನಾನೂ ಅತ್ತೆ. ಹನ್ನೊಂದು ನಿಮಿಷ ಅದರಲ್ಲೇ ಹೋಯಿತು. ಇಲ್ಲಿ ಸಿಗ್ನಲ್ ಸಿಗಬೇಕಾದರೆ ಗಾಡಿಯಲ್ಲಿ ಒಂದೂವರೆ ಗಂಟೆ ಹೋಗಬೇಕು. ಅದಕ್ಕೆ ಕಾಗದವೇ ಆಗಲಿ ಎಂದುಕೊಂಡೆ. ವಾರಕ್ಕೊಮ್ಮೆ ವಾದಿ ಅದಾಯ್‌ನಿಂದ ಮೊಯ್ದು ಕಾಕ ಪಿಕಪ್ಪಿನಲ್ಲಿ ನೀರು, ಮಂಜುಗಡ್ಡೆ, ತರಕಾರಿ ತರುತ್ತಾರೆ. ಹೋಗುವಾಗ ಇದನ್ನು ಅಲ್ ಹೈಲ್‌ನಲ್ಲಿ ಇವ್ಲಿನ್ ಬಾಯಿಯ ಕೈಗೆ ಕೊಡುತ್ತಾರೆ. ನಾನು ಮೊದಲು ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆನಲ್ಲ, ಅವರೇ. ಮಂಗಳೂರಿಗೆ ಹೋಗುವವರು ಯಾರಾದರೂ ಅಲ್ಲಿ ಸಿಗುತ್ತಾರೆ.

ನೀವು ಫೋನಿನಲ್ಲಿ ಕೇಳಿದ್ದು ಒಂದೇ ಮಾತು, ಬೊಜ್ಜದ ಉತ್ತರಕ್ರಿಯೆ ಯಾವಾಗ ಮಾಡುವುದು ಎಂದು. ಮಾಮಿ, ನಿಮ್ಮ ಮಗನ ದೇಹ ಇನ್ನೂ ಸಿಕ್ಕಿಲ್ಲ. ಪೊಲೀಸರ ಕಾಗದದಲ್ಲಿ ಕಾಣೆಯಾದವರು ಎಂದೇ ಉಂಟು. ನಾನು ಇರುವುದು ಇಲ್ಲಿಯ ಕ್ಯಾಂಪಿನ ಯಜಮಾನ ಖಮೀಸ್ ಅವರ ತಾಯಿ ಝಯಾನಾ ಅವರ ಮನೆಯಲ್ಲಿ. ಊರು ಎಂದರೆ ಹತ್ತು ಮನೆ, ಎರಡು ಅಂಗಡಿ, ಒಂದು ಮಸೀದಿ. ಮೂರನೆಯ ದಿನ ಕಡಲು ವಾಪಸು ಕೊಡುತ್ತದೆ ಎಂದರು ಝಯಾನಾ ಅಮ್ಮ. ಆಮೇಲೆ ಒಂಬತ್ತನೆಯ ದಿನ ಎಂದರು. ನಲವತ್ತನೆಯ ದಿನ ನನಗೆ ಖರ್ಜೂರ ತಿನ್ನಿಸಿದರು.

ಇಲ್ಲಿಯ ಕೆಲಸ ಎಂತದ್ದು ಎಂದು ನಿಮಗೆ ಸರಿಯಾಗಿ ಯಾರೂ ಹೇಳಿಲ್ಲ ಎಂದು ಕಾಣುತ್ತದೆ. ದೂರ ದೇಶದ ಜನ ವಿಮಾನ ಹತ್ತಿ ಬರುತ್ತಾರೆ. ಕಡಲಿಗೆ ದೋಣಿ ಇಳಿಸುವುದಿಲ್ಲ. ದಡದಲ್ಲಿ, ಬಂಡೆಯ ಮೇಲೆ ನಿಂತು ಉದ್ದ ಕೋಲಿನಿಂದ ಗಾಳ ಎಸೆಯುತ್ತಾರೆ. ಎಲ್ಲಿ ನಿಲ್ಲಬೇಕು, ಯಾವಾಗ ಇಳಿಯಬೇಕು ಎಂದು ಹೇಳುವವರು ಉಳ್ಳಾಲದ ಝುಬೈರಣ್ಣ. ಮೀನು ಬಂಡೆಯ ಬುಡಕ್ಕೆ ಬಂದಾಗ ಕೆಳಗೆ ಬಗ್ಗಿ ಅದನ್ನು ಹಿಡಿಯುವ ಕೆಲಸ ಅವರದ್ದು, ನಿಮ್ಮ ಮಗನದ್ದು. ಅಡಿಗೆ ನನ್ನದು. ಹಿಡಿದ ಮೀನಿನ ಜೊತೆ ಫೋಟೋ ತೆಗೆದು ಪುನಃ ಕಡಲಿಗೇ ಬಿಡುತ್ತಾರೆ. ಮೊದಲ ದಿನ ಇದನ್ನು ನೋಡಿ ಅವರು ನನ್ನ ಹತ್ತಿರ, "ಅಮ್ಮನಿಗೆ ಹೇಳಬೇಡ, ನಾಳೆಯೇ ಹೊರಟು ಬಾ ಅಂತಾರೆ" ಎಂದು ನಕ್ಕಿದ್ದರು.

ಜನವರಿ ಒಂಬತ್ತರಂದು ಮಧ್ಯಾಹ್ನ ಮೇಲೆ, ಕೆಳಗಿನ ಬಂಡೆಯಲ್ಲಿ ಅವರೂ ರೂಡಿ ಎಂಬ ಹೊರದೇಶದ ಮುದುಕರೂ ಇದ್ದರು. ದೊಡ್ಡ ಅಲೆ ಬಂತು. ಅಲೆ ಇಳಿದಾಗ ರೂಡಿ ಇದ್ದರು. ಅವರು ಇರಲಿಲ್ಲ.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು.

ನಿಮ್ಮ ಕಾಲಿಗೆ ಬೀಳುವ ಸೊಸೆ,
ಸುಂದರಿ


ಹೆಜಮಾಡಿ
9-3-2025

ಸುಂದರಿಗೆ,

ಅಜ್ಜಿ ಹೇಳುತ್ತಾರೆ, ನಾನು ಅಕ್ಷಿತಾ ಬರೆಯುತ್ತೇನೆ. ಹೇಳಿದ ಹಾಗೇ ಬರೆ, ನಿನ್ನ ಕಾಲೇಜಿನ ಚಂದ ಎಲ್ಲ ಸೇರಿಸಬೇಡ ಎಂದಿದ್ದಾರೆ.

ನಿನ್ನ ಕಾಗದ ಮೂರು ಸಲ ಓದಿಸಿದೆ. ಹಿಡಿದ ಮೀನು ಬಿಡುವವರ ಜೊತೆ ನನ್ನ ಮಗ ಎಂತ ಮಾಡ್ತಿದ್ದ? ಕಡಲಿಗೆ ತಮಾಷೆ ಮಾಡಿದ್ರೆ ಅದು ಸುಮ್ಮನೆ ಬಿಡ್ತದಾ? ಆಯ್ತು, ಅದು ಬಿಡು.

ಊರವರು ದಿನಾ ಬಂದು ಬೊಜ್ಜ, ಬೊಜ್ಜ ಅಂತಾರೆ. ಎರಡು ತಿಂಗಳಾಯ್ತು, ಹೋದವನನ್ನು ಹಾಗೆ ಬಿಡಬಾರದು ಅಂತಾರೆ. ನಿನ್ನೆ ಮಾರ್ಕೆಟಿನಲ್ಲಿ ಆ ಬಡಗು ಮನೆಯವ "ಹೋದವ ಹೋದ ಸರಸ್ವತಕ್ಕ, ಕಾರ್ಯ ಮುಗಿಸಿ" ಅಂದ. ಕೈಯಲ್ಲಿದ್ದ ಬಂಗುಡೆ ಮೀನಿನಲ್ಲೇ ಮುಖಕ್ಕೆ ಹೊಡೆದೆ. ಆಮೇಲೆ ಅದೇ ಬಂಗುಡೆ ತೊಳೆದು ಅವನಿಗೇ ಮಾರಿದೆ. (ಇದು ನಿಜ. ನಾನು ಅಲ್ಲೇ ಇದ್ದೆ. ಅ.)

ನೋಡು ಮಗಾ, ಶ್ರವಣ ಈಜು ಕಲಿತದ್ದು ಅಂಗಳ ದಾಟುವ ಮೊದಲು. ಅವನು ಅಲೆ ನೋಡದೆ ನಿಲ್ಲುವವನಲ್ಲ. ನಿಂತ ಅಂದರೆ ಯಾರೋ ನೋಡಿಕೊಳ್ತಾರೆ ಅಂತ ನಂಬಿ ನಿಂತಿರಬೇಕು. ಯಾರು ಅದು? ಅಲೆ ನೋಡುವವ ಒಬ್ಬ ಇರಲಿಲ್ವಾ ಅಲ್ಲಿ? ನಮ್ಮ ಬಲೆ ಎಳೆಯುವಲ್ಲೂ ಒಬ್ಬ ಮೇಲೆ ನಿಂತಿರ್ತಾನೆ. ಅವನು ಕೂಗಿದನಾ? ಕೂಗಿದ್ದು ನನ್ನ ಮಗನಿಗೆ ಕೇಳಿತಾ?

ಇದು ನನಗೆ ಗೊತ್ತಾಗಬೇಕು. ಅವನು ಹೇಗೆ ಹೋದ ಅಂತ ತಿಳಿಯದೆ ನಾನು ಬೊಜ್ಜ ಮಾಡುವುದಿಲ್ಲ. ನೀನು ಅಲ್ಲೇ ಇದ್ದವಳು. ದೊಡ್ಡ ಅಲೆ ಬಂತು ಅಂತ ಬರೆದಿದ್ದಿ. ಅಲೆ ಬಂದದ್ದು ನನಗೆ ಗೊತ್ತುಂಟು. ಅದರ ಮೊದಲಿನದ್ದು ಬರೆ.

ಹೊಟ್ಟೆಗೆ ತಿನ್ನು.

ಸರಸ್ವತಮ್ಮ


ದುಕ್ಮ್‌ನಿಂದ ಆಚೆ
24-3-2025

ಪ್ರೀತಿಯ ಮಾಮಿ,

ನಿಮ್ಮ ಕಾಗದ ಮೊಯ್ದು ಕಾಕ ತಂದುಕೊಟ್ಟರು. ರಂಜಾನ್ ಇರುವುದರಿಂದ ಅವರು ಈಗ ಬರುವುದು ಹತ್ತು ದಿನಕ್ಕೊಮ್ಮೆ.

ಅಲೆ ನೋಡುವವರು ಇರುತ್ತಾರೆ ಮಾಮಿ. ಅದು ಝುಬೈರಣ್ಣನ ಕೆಲಸ. ಅವರು ಮೇಲಿನ ಬಂಡೆಯಲ್ಲಿ ಗಾಳ ಮುಟ್ಟದೆ ಕಡಲನ್ನೇ ನೋಡುತ್ತಾ ನಿಂತಿರುತ್ತಾರೆ. ದೂರದಲ್ಲಿ ನೀರು ಎತ್ತಿ ಬರುವುದು ಕಂಡರೆ ಕೆಳಗಿನವರನ್ನು ಹೆಸರು ಹಿಡಿದು ಕೂಗುತ್ತಾರೆ. ಬರೀ ಓಯ್ ಎಂದರೆ ಯಾರೂ ತಿರುಗುವುದಿಲ್ಲ. ಮೀನು ಕಚ್ಚಿದಾಗ ಎಲ್ಲರೂ ಓಯ್ ಓಯ್ ಎಂದೇ ಅರಚುವುದು. ಅದಕ್ಕೆ ಹೆಸರೇ ಕೂಗಬೇಕು. ಬಂದವರ ಹೆಸರನ್ನು ಮೊದಲ ದಿನವೇ ನಾವೆಲ್ಲ ಬಾಯಿಪಾಠ ಮಾಡಬೇಕು, ಅಡಿಗೆಯ ನಾನು ಕೂಡ.

ಆ ದಿನ ಆ ಹೊತ್ತಿಗೆ ಝುಬೈರಣ್ಣ ಮಧ್ಯಾಹ್ನ ಮೇಲಿನ ಅಸರ್ ನಮಾಜಿಗೆ ಹಿಂದಿನ ಮರಳಿಗೆ ಹೋಗಿದ್ದರು. ಹತ್ತು ನಿಮಿಷ. ಅವರನ್ನು ಬೈಯಬೇಡಿ. ಅವರು ಈಗ ಸರಿಯಾಗಿ ಊಟ ಮಾಡುವುದಿಲ್ಲ.

ನಾನು ಇಲ್ಲಿ ಯಾಕೆ ಉಳಿದಿದ್ದೇನೆ ಎಂದು ನಿಮಗೆ ಅನಿಸಬಹುದು. ಹೇಳುತ್ತೇನೆ, ನೀವು ನಂಬುವಿರಿ ಎಂದುಕೊಂಡಿದ್ದೇನೆ. ನೀರು ಇಳಿದ ಮೇಲೆ ಆ ಕೆಳಗಿನ ಬಂಡೆ ಬಿಸಿಲಿಗೆ ಒಣಗುತ್ತದೆ. ಎಲ್ಲ ಒಣಗಿದ ಮೇಲೆ ಕೊನೆಗೆ ಎರಡು ಕಡೆ ಮಾತ್ರ ಒದ್ದೆ ಉಳಿಯುತ್ತದೆ. ನಾನು ಚಪ್ಪಲಿ ಬಿಚ್ಚಿ ಅದರಲ್ಲಿ ಕಾಲಿಟ್ಟು ನೋಡಿದೆ. ಸುತ್ತಲೂ ಎರಡು ಬೆರಳಷ್ಟು ಜಾಗ ಉಳಿಯಿತು. ಅವರ ಚಪ್ಪಲಿ ಹಾಕಿದಾಗಲೂ ಅಷ್ಟೇ ಉಳಿಯುತ್ತಿತ್ತು.

ಫೆಬ್ರವರಿ ಕೊನೆಗೆ ಮೂವರು ಹೊಸಬರು ಬಂದರು. ಅವರ ಜೊತೆ ಝುಬೈರಣ್ಣ. ಬುತ್ತಿಗೆ ನಾಲ್ಕು ಚಪಾತಿ ಸುರುಳಿ ಕಟ್ಟಬೇಕಿತ್ತು. ಕೈ ಅಭ್ಯಾಸದಲ್ಲಿ ಐದು ಕಟ್ಟಿದ್ದೆ. ಸಂಜೆ ಡಬ್ಬ ಖಾಲಿ ಬಂತು. ಮೂವರೂ ಒಂದೊಂದೇ ತಿಂದೆವು ಎಂದರು, ಝುಬೈರಣ್ಣನೂ ಅಷ್ಟೇ. "ಕಡಲ ಹಕ್ಕಿ ತಿಂದಿರಬೇಕು ತಂಗಿ" ಎಂದರು. ಡಬ್ಬದ ತಳದಲ್ಲಿ ಚಪಾತಿ ಸುತ್ತಿದ ಒಂದು ಕಾಗದ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು. ಉಳಿದವರು ಕಾಗದವನ್ನು ಉಂಡೆ ಮಾಡಿ ಎಸೆದಿದ್ದರು. ತಿಂದ ಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡುವವರು ಯಾರು ಎಂದು ನಿಮಗೂ ಗೊತ್ತು, ಸಣ್ಣದಿರುವಾಗ ನೀವೇ ಕಲಿಸಿದ್ದಂತೆ. ನಾನು ಝುಬೈರಣ್ಣನಿಗೆ ತೋರಿಸಿದೆ. ಅವರು ಗಾಡಿ ತೊಳೆಯಲು ಹೋದರು.

ನಾನು ನಿಮ್ಮ ಮಗನನ್ನು ಊಟಕ್ಕೆ ಕರೆಯುತ್ತಿದ್ದದ್ದು ಸಟ್ಟುಗದಲ್ಲಿ ಮುಚ್ಚಳಕ್ಕೆ ಬಡಿದು. ಎರಡು ಸಲ ಬಡಿದರೆ ಊಟ, ಮೂರು ಸಲ ಬಡಿದರೆ ಚಹಾ. ಇಲ್ಲಿ ಎಲ್ಲರಿಗೂ ಅದೊಂದು ನಗೆ. "ಸುಂದರಿಗೆ ಗಂಡ ಉಂಟು, ಗಂಡನಿಗೆ ಹೆಸರಿಲ್ಲ" ಎಂದು ಝುಬೈರಣ್ಣ ಕೀಟಲೆ ಮಾಡುತ್ತಿದ್ದರು. "ಒಂದು ಸಲ ಹೆಸರು ಹೇಳು ಮಾರಾಯ್ತಿ, ದುಕ್ಮ್‌ಗೆ ಹೋಗಿ ಐಸ್‌ಕ್ರೀಮ್ ತರ್ತೇನೆ" ಎಂದು ಅವರೂ. ಈಗ ಪಾತ್ರೆ ತೊಳೆಯುವಾಗ ಸಟ್ಟುಗ ಎಲ್ಲಿಗಾದರೂ ತಾಗಿದರೆ ಝುಬೈರಣ್ಣನ ಕುತ್ತಿಗೆ ಬಂಡೆಯ ಕಡೆ ತಿರುಗುತ್ತದೆ. ನನ್ನದೂ.

ಇನ್ನೊಂದು ವಿಷಯ ಉಂಟು ಮಾಮಿ. ಅದನ್ನು ಬರೆಯಲು ಕೂತರೆ ಕೈ ಬರುವುದಿಲ್ಲ. ಈ ಸಲ ಇಷ್ಟೇ.

ನಿಮ್ಮ
ಸುಂದರಿ


ದುಕ್ಮ್‌ನಿಂದ ಆಚೆ
5-4-2025

ಸರಸ್ವತಮ್ಮನವರಿಗೆ,

ಅಮ್ಮ, ನಾನು ಝುಬೈರ್. ಶ್ರವಣನ ಜೊತೆ ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದವನು. ಮೊಯ್ದು ಕಾಕ ಪೆರ್ನಾಲ್ ಹಬ್ಬ ಮುಗಿಸಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಇದು. ಸುಂದರಿಗೆ ನಾನು ಬರೆದದ್ದು ಗೊತ್ತಿಲ್ಲ.

ನಾನು ನಿಮ್ಮ ಎದುರು ತಪ್ಪಿತಸ್ಥ. ಅಲೆ ನೋಡುವುದು ನನ್ನ ಕೆಲಸ. ನಮಾಜಿಗೆ ಹೋಗುವ ಮೊದಲು ಕೆಳಗಿದ್ದವರನ್ನು ಮೇಲೆ ಹತ್ತಿಸಿ ಹೋಗಬೇಕಿತ್ತು. ರೂಡಿಯ ಗಾಳಕ್ಕೆ ಅದೇ ಹೊತ್ತಿಗೆ ಮೀನು ಕಚ್ಚಿತ್ತು. ಹತ್ತು ನಿಮಿಷ, ಕಡಲು ತಣ್ಣಗಿದೆ ಎಂದುಕೊಂಡೆ. ಅಂದಿನಿಂದ ನಾನು ನಮಾಜು ಮಾಡುವಾಗ ಕಣ್ಣು ಕಡಲ ಕಡೆಗೇ ಹೋಗುತ್ತದೆ. ಅಲ್ಲಾಹು ಅದನ್ನು ಹೇಗೆ ತಗೊಳ್ತಾನೋ ಗೊತ್ತಿಲ್ಲ.

ಆದರೆ ಒಂದು ಮಾತು ನಿಮಗೆ ತಿಳಿಯಲೇಬೇಕು. ಆ ಹತ್ತು ನಿಮಿಷಕ್ಕೆ ನಾನು ನನ್ನ ಜಾಗದಲ್ಲಿ ಸುಂದರಿಯನ್ನು ನಿಲ್ಲಿಸಿ ಹೋಗಿದ್ದೆ. ಚಹಾ ತಂದಿದ್ದಳು. "ತಂಗಿ, ಸ್ವಲ್ಪ ನೋಡ್ತಾ ಇರು, ನೀರು ಎತ್ತಿದ್ರೆ ಹೆಸರು ಕೂಗು" ಎಂದೆ. ಅವಳು ಕೂಗಿದಳು ಅಮ್ಮ. ಮರಳಿನಲ್ಲಿ ನನಗೂ ಕೇಳಿತು, ರೂಡೀ ಎಂದು. ಆ ಕೂಗಿಗೇ ಆ ಮುದುಕ ತಿರುಗಿ ಮೇಲಿನ ಕಲ್ಲು ಹಿಡಿದು ಉಳಿದದ್ದು. ಅವಳು ಇದನ್ನು ಯಾರಿಗೂ ಹೇಳುವುದಿಲ್ಲ, ಅವಳ ನಾಚಿಕೆ ನಿಮಗೆ ಗೊತ್ತಲ್ಲ. ರೂಡಿ ತನ್ನ ಊರಿನಿಂದ ಅವಳಿಗೆ ಒಂದು ಕಾಗದ ಕಳಿಸಿದ್ದಾನೆ. ಖಮೀಸ್ ಓದಿ ನನಗೆ ಹೇಳಿದ್ದು ಇಷ್ಟು: "ನನ್ನ ಹೆಸರು ಕೂಗಿದ ಹುಡುಗಿಗೆ, ನನ್ನ ಮೊಮ್ಮಕ್ಕಳು ನಿನ್ನ ಹೆಸರು ಕಲಿತಿದ್ದಾರೆ." ಸುಂದರಿಗೆ ತೋರಿಸಿದಾಗ ಅವಳು ಅದನ್ನು ಮುಟ್ಟಲೂ ಇಲ್ಲ. ನಿಮ್ಮ ಸೊಸೆ ಒಂದು ಜೀವ ಉಳಿಸಿದವಳು. ಅವಳನ್ನು ಊರಿಗೆ ಕರೆಸಿಕೊಳ್ಳಿ. ದಿನಾ ಹೋಗಿ ಆ ಬಂಡೆಯ ಮೇಲೆ ಕೂರುತ್ತಾಳೆ, ನನಗೆ ಹೆದರಿಕೆಯಾಗುತ್ತದೆ.

ನಿಮ್ಮ ಮಗನ ಸ್ನೇಹಿತ,
ಝುಬೈರ್


ಹೆಜಮಾಡಿ
20-4-2025

ಸುಂದರಿಗೆ,

ಝುಬೈರನ ಕಾಗದ ಬಂತು. ಆ ಹತ್ತು ನಿಮಿಷ ಮೇಲೆ ನಿಂತವಳು ನೀನು ಅಂತ ಅದರಲ್ಲಿ ಉಂಟು. ನೀನು ಎರಡು ಕಾಗದದಲ್ಲೂ ಹೇಳಲಿಲ್ಲ.

ನೀನು ಆ ಮುದುಕನ ಹೆಸರು ಕೂಗಿದ್ದಿ. ಅವನು ತಿರುಗಿದ. ಒಳ್ಳೆಯದಾಯ್ತು.

ನನ್ನ ಮಗನದ್ದು ಕೂಗಿದ್ಯಾ?

ಸರಸ್ವತಮ್ಮ

(ಇಷ್ಟೇ ಹೇಳಿದರು. ಇನ್ನೇನಾದರೂ ಬರೆಯಲಾ ಎಂದು ಕೇಳಿದೆ, ಬೇಡ ಎಂದರು. ಅ.)


ದುಕ್ಮ್‌ನಿಂದ ಆಚೆ
28-5-2025

ಮಾಮಿ,

ನಿಮ್ಮ ಕಾಗದ ಬಂದು ತಿಂಗಳಾಗುತ್ತಾ ಬಂತು. ದಿಂಬಿನ ಕೆಳಗೆ ಇಟ್ಟುಕೊಂಡು ಸುಮ್ಮನಿದ್ದೆ. ನಾಳೆ ಕ್ಯಾಂಪ್ ಮುಚ್ಚುತ್ತಾರೆ. ಇನ್ನು ಸಪ್ಟೆಂಬರ್‌ವರೆಗೆ ಇಲ್ಲಿ ಕಡಲು ಏಳುತ್ತದೆ, ಯಾರೂ ಬಂಡೆಗೆ ಇಳಿಯುವುದಿಲ್ಲ. ಡೇರೆಯ ಗೂಟ ಕೀಳುತ್ತಿದ್ದಾರೆ. ಮೊಯ್ದು ಕಾಕ ನಾಳೆ ಬೆಳಿಗ್ಗೆ ಹೊರಡುತ್ತಾರೆ. ಇವತ್ತು ಬರೆಯದಿದ್ದರೆ ನಾನು ಯಾವತ್ತೂ ಬರೆಯುವುದಿಲ್ಲ.

ಕೂಗಲಿಲ್ಲ.

ಝುಬೈರಣ್ಣ ಹೋಗಿ ನಾಲ್ಕೈದು ನಿಮಿಷ ಆಗಿರಬೇಕು. ಕಡಲು ಚಪ್ಪಟೆ ಇತ್ತು. ರೂಡಿಯ ಕೋಲು ಬಗ್ಗಿತ್ತು, ಅವರು ಓಯ್ ಓಯ್ ಎಂದು ಕೂಗುತ್ತಾ ನಗುತ್ತಿದ್ದರು. ಇವರು ರೂಡಿಗಿಂತ ಕೆಳಗೆ, ನೀರಿನ ಹತ್ತಿರ, ಬಗ್ಗಿ ಮೀನಿಗೆ ಕೈ ಚಾಚಿದ್ದರು. ಬೆನ್ನು ನನ್ನ ಕಡೆ, ಕಣ್ಣು ಮೀನಿನ ಮೇಲೆ. ಆಗ ಆಚೆ ನೀರು ಎತ್ತಿತು. ಗೋಡೆಯ ಹಾಗೆ ಅಲ್ಲ ಮಾಮಿ. ಮಲಗಿದವರು ಹೊದಿಕೆಯೊಳಗೆ ಮಗ್ಗುಲಾದ ಹಾಗೆ ಎತ್ತಿತು.

ನಾನು ಓಯ್ ಎಂದು ಕೂಗಿದೆ. ಎರಡನೆಯ ಸಲ ಇನ್ನೂ ಜೋರಾಗಿ. ಇವರು ನನ್ನ ಸ್ವರ ಕೇಳಿದರು. ಮುಖ ತಿರುಗಿಸದೆಯೇ ಒಂದು ಕೈ ಮೇಲೆತ್ತಿ ಆಡಿಸಿದರು. ಮೀನು ಸಿಕ್ಕಿದ ಸಂತೋಷಕ್ಕೆ ನಾನೂ ಕೂಗುತ್ತಿದ್ದೇನೆ ಎಂದುಕೊಂಡರು. ನನ್ನಿಂದ ಅಷ್ಟು ದೊಡ್ಡ ಸ್ವರ ಬಂದದ್ದನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಖುಷಿಯಾಗಿರಬೇಕು.

ಇನ್ನು ಹೆಸರೇ ಕೂಗಬೇಕು ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಹೆಸರು ನಾಲಿಗೆಯ ತುದಿಯಲ್ಲಿ ಇತ್ತು ಮಾಮಿ, ಹೊರಗೆ ಬರಲಿಲ್ಲ. ಬಂದದ್ದು ರೂಡೀ ಎಂದು.

ಮದುವೆಯಾದ ಮೂರನೆಯ ದಿನ ನಾನು ಅಡಿಗೆ ಕೋಣೆಯಿಂದ ಅವರನ್ನು ಹೆಸರು ಹಿಡಿದು ಕರೆದಿದ್ದೆ. ಶಾಲೆಯಲ್ಲಿ ಕರೆದ ಹಾಗೆ. ಅವರು ನನಗಿಂತ ಎರಡು ಕ್ಲಾಸು ಮುಂದೆ ಇದ್ದವರಲ್ಲವಾ. ನೀವು ಅಕ್ಕಿ ತೊಳೆಯುತ್ತಿದ್ದಿರಿ. "ಕಡಲಿಗೆ ಹೋಗುವವನ ಹೆಸರು ಹೆಂಡತಿ ಬಾಯಲ್ಲಿ ಬಂದರೆ ಅವನ ಆಯುಷ್ಯ ಕಮ್ಮಿ ಆಗ್ತದೆ" ಎಂದಿರಿ. ಬೈಯಲಿಲ್ಲ. ಒಂದು ಲೋಟ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸು ಎಂದಿರಿ. ಮುಕ್ಕಳಿಸಿದೆ. ಆ ದಿನದಿಂದ ಒಬ್ಬಳೇ ಇರುವಾಗಲೂ ನಾನು ಅವರ ಹೆಸರು ಹೇಳಿಲ್ಲ. ಜ್ವರದಲ್ಲಿ ಕೂಡ ಹೇಳಿಲ್ಲವಂತೆ. ಅವರೇ ಹೇಳಿ ನಕ್ಕಿದ್ದರು.

ರೂಡಿ ತಿರುಗಿದರು. ನನ್ನ ಮುಖ ನೋಡಿದರು. ಕೋಲು ಬಿಟ್ಟು ಮೇಲಿನ ಕಲ್ಲಿಗೆ ಹಾರಿದರು. ಅವರ ಭಾಷೆಯಲ್ಲಿ ಏನೋ ಕೂಗಿದರು. ಆಗ ಇವರು ತಿರುಗಿದರು. ತಿರುಗಿ ಮೊದಲು ಕಡಲನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮುಖದಲ್ಲಿ ನಗು ಇನ್ನೂ ಇತ್ತು. ಅಷ್ಟರಲ್ಲಿ ನೀರು ಬಂತು.

ಸ್ವಲ್ಪ ಮೊದಲು ತಿರುಗಿದ್ದರೆ ಮೇಲೆ ಬರುತ್ತಿದ್ದರು. ಅರವತ್ತೆಂಟು ವರ್ಷದ ಮುದುಕರು ಬಂದರು.

ನಾನು ಒಬ್ಬ ಪರದೇಶಿಯ ಹೆಸರು ಕೂಗಿ ಅವರನ್ನು ಉಳಿಸಿದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಪ್ರತಿ ಸಲ ಹೇಳುವಾಗ ನನಗೆ ಇನ್ನೊಂದು ಮಾತು ಕೇಳುತ್ತದೆ. ಆ ಒದ್ದೆ ಜಾಗದಲ್ಲಿ ಅವರು ಇನ್ನೂ ನಿಂತಿದ್ದಾರೆ ಎಂದು ನನಗೆ ಯಾಕೆ ಅನಿಸುತ್ತದೆ ಎಂದು ಈಗ ನಿಮಗೆ ತಿಳಿದಿರಬೇಕು. ಅವರನ್ನು ಯಾರೂ ಕರೆದಿಲ್ಲ. ಕರೆಯದೆ ಹೇಗೆ ಬರುತ್ತಾರೆ?

ನಿಮಗೆ ಬೇಕಾದದ್ದು ಇದು. ಇನ್ನು ಬೊಜ್ಜ ಮಾಡಿ. ನಾನು ಬರಬೇಕೋ ಬೇಡವೋ ನೀವೇ ಹೇಳಿ. ಬರಬೇಡ ಎಂದರೆ ಇವ್ಲಿನ್ ಬಾಯಿಯ ಮನೆಯಲ್ಲೇ ಇರುತ್ತೇನೆ.

ಸುಂದರಿ


ಹೆಜಮಾಡಿ
12-6-2025

ಸುಂದರಿಗೆ,

ಅಕ್ಷಿತಾ ನಿನ್ನ ಕಾಗದ ಅರ್ಧ ಓದಿ ನಿಲ್ಲಿಸಿದಳು. ಓದು ಅಂತ ಗದರಿಸಿದೆ. ಮುಗಿದ ಮೇಲೆ ಅವಳು ಹಿತ್ತಿಲಿಗೆ ಹೋದಳು. ನಾನು ಬುಟ್ಟಿ ತಗೊಂಡು ಮಾರ್ಕೆಟಿಗೆ ಹೋದೆ. ಎಂತ ಮಾರಿದೆ ಅಂತ ನೆನಪಿಲ್ಲ.

ಮೂರು ದಿನ ನಿನ್ನನ್ನು ಬೈದೆ. ಮಾರ್ಕೆಟಿನಲ್ಲಿ ಬೈದೆ, ಬಾವಿಕಟ್ಟೆಯಲ್ಲಿ ಬೈದೆ. ನಿನ್ನ ಅಮ್ಮನನ್ನೂ ಸೇರಿಸಿ ಬೈದೆ, ಅವಳು ಎಂತ ಮಾಡಿದ್ದಾಳೆ ಪಾಪ. ನಾಲ್ಕನೇ ದಿನ ಬೈಯಲು ಬಾಯಿ ತೆರೆದೆ. ಬಾಯಿಯಲ್ಲಿ ಉಪ್ಪು ಉಪ್ಪು.

ಆ ಲೋಟ ಕೊಟ್ಟದ್ದು ನಾನೇ. ನನಗೆ ನನ್ನ ಅತ್ತೆ ಕೊಟ್ಟದ್ದು. ನಾನೂ ಮುಕ್ಕಳಿಸಿದ್ದೇನೆ. ಮೂವತ್ತೊಂದು ವರ್ಷ ಬಾಯಿ ಕಟ್ಟಿಕೊಂಡೆ. ನನ್ನ ಗಂಡ ಐವತ್ತಮೂರಕ್ಕೇ ಹೋದರು. ಮನೆಯ ಜಗಲಿಯಲ್ಲಿ, ಎದೆನೋವು, ಕಡಲು ಕೂಡ ಅಲ್ಲ. ನಾನು ಹೇಳದೆ ಉಳಿಸಿದ ಆಯುಷ್ಯ ಎಲ್ಲಿಗೆ ಹೋಯ್ತು ಅಂತ ಅವತ್ತು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ನಿನಗೆ ಆ ನೀರು ಕೊಡ್ತಿರಲಿಲ್ಲ.

ಕ್ಷಮಿಸಿದೆ ಅಂತ ಬರೆಯಬೇಡ ಅಂತ ಅಕ್ಷಿತಾಳಿಗೆ ಹೇಳಿದ್ದೇನೆ. ಅದು ಆಗಿಲ್ಲ. ನಿನ್ನನ್ನೂ ಇಲ್ಲ, ನನ್ನನ್ನೂ ಇಲ್ಲ. ಮುಂದೆ ಆಗ್ತದಾ ಗೊತ್ತಿಲ್ಲ.

ಆದರೆ ನೀನು ಬಾ. ಮುಂದಿನ ತಿಂಗಳ ನಡುವಿಗೆ ಆಟಿ ಹಿಡೀತದೆ, ಅದರ ಮೊದಲು ಬೊಜ್ಜ. ದೇಹ ಇಲ್ಲದಿದ್ದರೂ ಮಾಡುವ ಕ್ರಮ ಉಂಟಂತೆ. ಅದರ ದಿನ ಹೋದವರನ್ನು ಒಳಗೆ ಕರೆಯಲಿಕ್ಕೆ ಉಂಟು. ಮನೆಯವರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕರೆಯಬೇಕು, ಬಾ, ಒಳಗೆ ಬಾ ಅಂತ. ನಮ್ಮಲ್ಲಿ ಹೆಂಡತಿ ಕರೆದದ್ದು ನಾನು ನೋಡಿಲ್ಲ. ಅಣ್ಣನೋ ಅಮ್ಮನೋ ಕರೆಯುವುದು. ನಾನು ಕರೆಯುವುದಿಲ್ಲ. ನಾನು ಎಷ್ಟು ಸಲ ಕರೆದರೂ ಅವನು ಬರುವುದಿಲ್ಲ, ನನಗೆ ಗೊತ್ತುಂಟು. ಅವನು ನಿನ್ನ ಕಡೆ ತಿರುಗಿ ನಿಂತವನು.

ನೀನು ಕರೆಯಬೇಕು. ಹಿರಿಯರು ಎಂತ ಹೇಳಿದರೂ ನಾನು ನೋಡಿಕೊಳ್ತೇನೆ, ಬಂಗುಡೆ ಉಂಟು.

ಸರಸ್ವತಮ್ಮ


ಹೆಜಮಾಡಿ
9-7-2025

ಝುಬೈರಣ್ಣನಿಗೆ,

ಸುಂದರಿ ಬರೆಯುತ್ತಿದ್ದೇನೆ. ಈ ಕಾಗದ ಸಿಗುವಾಗ ನೀವು ಅಲ್ ಖುವೈರ್‌ನ ಕೋಣೆಯಲ್ಲಿ ಇರುತ್ತೀರಿ ಎಂದುಕೊಂಡಿದ್ದೇನೆ. ಮೊನ್ನೆ ಬೊಜ್ಜ ಆಯಿತು. ನಿಮಗೆ ಬರಲಾಗಲಿಲ್ಲವಲ್ಲ, ಅದಕ್ಕೆ ನಡೆದ ಹಾಗೆ ಬರೆಯುತ್ತೇನೆ.

ಮಾಮಿಯ ಅಣ್ಣ ಮೊದಲೇ ತಕರಾರು ತೆಗೆದರು. "ಹೆಂಡತಿ ಗಂಡನ ಹೆಸರು ಕರೆಯುವುದಾ? ಇದೆಂತ ಹೊಸ ಕಟ್ಟಳೆ ಸರಸ್ವತೀ?" ಎಂದರು. "ಹಳೆಯದರಲ್ಲಿ ಒಬ್ಬ ಹೋದ, ಸಾಕು" ಎಂದರು ಮಾಮಿ.

ಸಂಜೆ ಬೆಳಕಿರುವಾಗಲೇ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದರು. ಮಾಮಿ ನನ್ನ ಪಕ್ಕದಲ್ಲಿ ನಿಂತರು. ಒಳಗೆ ಅವರಿಗೆಂದು ಒಂದು ಎಲೆ ಹಾಕಿ ಬಡಿಸಿದ್ದರು. ಮೊದಲ ಸಲ ಬರೀ ಉಸಿರು ಬಂತು. ಹಿಂದಿನಿಂದ ಯಾರೋ ಹೆಂಗಸು ಬಿಕ್ಕಿದರು. ಮಾಮಿ ನನ್ನ ಮುಖ ನೋಡದೆ, "ಗಾಳಿ ಉಂಟು, ಜೋರಾಗಿ ಕರಿ" ಎಂದರು.

ಶ್ರವಣಾ ಎಂದು ಕರೆದೆ.

ನೋಡಿ ಝುಬೈರಣ್ಣ, ಬರೆದೆ. ಮೂರು ಸಲ ಕರೆದೆ. ಮೂರನೆಯದು ಎಷ್ಟು ದೊಡ್ಡದಾಯಿತು ಎಂದರೆ ರಸ್ತೆಯಲ್ಲಿ ಹೋಗುತ್ತಿದ್ದ ಬೈಕ್ ನಿಂತಿತು. ಅವರು ಬಂದರೋ ಇಲ್ಲವೋ ನನಗೆ ತಿಳಿಯದು. ನನ್ನ ಎಡಗಡೆ ಯಾರೋ ಹಾದು ಹೋದಾಗ ಆಗುವಷ್ಟು ತಂಪಾಯಿತು. ಮಳೆಗಾಲ, ಗಾಳಿಯೇ ಇರಬಹುದು. ನಾನು ಯಾರಿಗೂ ಹೇಳಿಲ್ಲ.

ಕರೆದ ಮೇಲೆ ಹಿಂದೆ ನೋಡದೆ ಒಳಗೆ ಬರಬೇಕು. ನಾನು ಬಂದೆ. ಎಲ್ಲರೂ ಬಂದರು. ಮಾಮಿ ಬರಲಿಲ್ಲ. ಹೊಸ್ತಿಲಲ್ಲೇ ನಿಂತಿದ್ದರು, ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು. ಹೊರಗೆ ನೋಡುತ್ತಾ, ಮಾರ್ಕೆಟಿನಲ್ಲಿ ಮೀನು ಕೂಗುವ ಸ್ವರದಲ್ಲಿ ಅಲ್ಲ, ಸಣ್ಣ ಹುಡುಗಿಯ ಸ್ವರದಲ್ಲಿ ಕರೆದರು.

"ಸಂಕಪ್ಪಾ."

ಅದು ಮಾವನ ಹೆಸರು. ಅವರು ಹೋಗಿ ಹನ್ನೆರಡು ವರ್ಷ. ಅವರ ಬೊಜ್ಜದಲ್ಲಿ ಅವರ ಅಣ್ಣ ಕರೆದಿದ್ದರಂತೆ.

"ನಿನಗೆ ತಲೆ ಸರಿ ಉಂಟಾ?" ಎಂದರು ಮಾಮಿಯ ಅಣ್ಣ.

"ನೀವೆಲ್ಲ ಕರೆದಿರಿ" ಎಂದರು ಮಾಮಿ. "ನಾನು ಕರೆದಿರಲಿಲ್ಲ."

ಇನ್ನೂ ಎರಡು ಸಲ ಕರೆದರು. ಆಮೇಲೆ ಒಳಗೆ ಬಂದು ನನ್ನ ಹತ್ತಿರ ಕೂತು, "ಇನ್ನೊಂದು ಎಲೆ ಹಾಕು ಮಗಾ" ಎಂದರು.

ಎದ್ದು ಹೋಗಿ ಹಾಕಿದೆ.

ನಿಮ್ಮ ತಂಗಿ,
ಸುಂದರಿ